ಹಾಲಿಗೆ ಸತು ತುಂಬುವ ದ್ವಾರಪಾಲಕರು

ಹಾಲಿನಲ್ಲಿ ಏನೇನಿದೆ ಎಂದು ತರಗತಿಯಲ್ಲಿ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಪ್ರೋಟೀನು, ಕೊಬ್ಬು, ಸಕ್ಕರೆ, ಕ್ಯಾಲ್ಸಿಯಂ. ಸತುವಿನ ಹೆಸರು ಹೇಳುವವರು ಅಪರೂಪ. ಟಾರ್ಚಿನ ಸೆಲ್ಲಿನ ಕವಚವಾಗುವ ಇದೇ ಲೋಹ ಎಳೆಮಗುವಿಗೂ ಬೇಕು. ಜೀವಕೋಶಗಳು ವಿಭಜನೆಯಾಗಲು, ಚರ್ಮ ಆರೋಗ್ಯವಾಗಿರಲು, ಸೋಂಕನ್ನು ಎದುರಿಸಲು ಸತು ಅವಶ್ಯ.

ಈಗ ಒಂದು ಸಣ್ಣ ಲೆಕ್ಕ. ತಾಯಿಯ ರಕ್ತದ ಪ್ಲಾಸ್ಮಾದಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 1 ಮಿಲಿಗ್ರಾಂ ಸತು ಇರುತ್ತದೆ. ಹೆರಿಗೆಯ ನಂತರದ ಮೊದಲ ತಿಂಗಳಲ್ಲಿ ಎದೆಹಾಲಿನಲ್ಲಿರುವುದು ಲೀಟರಿಗೆ 3ರಿಂದ 4 ಮಿಲಿಗ್ರಾಂ! ಅಂದರೆ ಹಾಲು ಎಂಬುದು ಸೋಸಿದ ರಕ್ತವಲ್ಲ. ಸ್ತನಗ್ರಂಥಿ ಸತುವನ್ನು ಹುಡುಕಿ ಎತ್ತಿಕೊಂಡು ಹಾಲಿಗೆ ಸೇರಿಸುತ್ತದೆ.

ಈ ಕೆಲಸ ನಡೆಯುವುದು ಹೇಗೆ? ಗ್ರಂಥಿಯ ಕೋಶಗಳ ಪೊರೆಯಲ್ಲಿ ದ್ವಾರಪಾಲಕರಂತಹ ಪ್ರೋಟೀನುಗಳಿವೆ. 'ಜಿಪ್' ಗುಂಪಿನವು ಸತುವನ್ನು ಕೋಶದ ಒಳಕ್ಕೆ ಬಿಡುತ್ತವೆ. 'ಝಡ್‌ಎನ್‌ಟಿ-2' ಎಂಬುದು ಅದನ್ನು ಪುಟ್ಟ ಚೀಲಗಳಿಗೆ ತುಂಬುತ್ತದೆ. ಈ ಚೀಲಗಳು ಹಾಲಿನ ಕಡೆಗೆ ಬಾಯಿ ತೆರೆದು ಸತುವನ್ನು ಸುರಿಯುತ್ತವೆ. ಹಾಲೂಡಿಕೆಯ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಝಡ್‌ಎನ್‌ಟಿ-2ರ ತಯಾರಿಕೆಯನ್ನು ಹೆಚ್ಚಿಸುತ್ತದೆ. ಬಾಣಂತಿಯ ಕರುಳು ಕೂಡ ಆಹಾರದ ಸತುವನ್ನು ಹೆಚ್ಚಾಗಿ ಹೀರಿಕೊಂಡು ನೆರವಾಗುತ್ತದೆ.

ದ್ವಾರಪಾಲಕ ಕೈಕೊಟ್ಟರೆ? ಉತ್ತರ ಹೇಳಿದ್ದು ಇಲಿಗಳು. ಪ್ರಯೋಗಾಲಯದ ಒಂದು ತಳಿಯಲ್ಲಿ ತಾಯಿಯ ಹಾಲು ಕುಡಿದ ಮರಿಗಳು ಸಾಯುತ್ತಿದ್ದವು. ಬೇರೆ ತಾಯಿಯ ಹಾಲು ಕುಡಿಸಿದರೆ ಬದುಕುತ್ತಿದ್ದವು. ಆ ಹಾಲಿನಲ್ಲಿ ಸತು ಕಡಿಮೆ ಎಂದು 1978ರಲ್ಲಿ ಗೊತ್ತಾಯಿತು. ಝಡ್‌ಎನ್‌ಟಿ-4 ಎಂಬ ಪ್ರೋಟೀನಿನ ಜೀನು ಕೆಟ್ಟಿರುವುದೇ ಕಾರಣವೆಂದು 1997ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಇಂಥದೇ ತೊಂದರೆಗೆ ಝಡ್‌ಎನ್‌ಟಿ-2ರ ಜೀನಿನ ದೋಷ ಕಾರಣವಾಗುತ್ತದೆಂದು 2006ರಲ್ಲಿ ಕಂಡುಬಂತು.

ಪೋಷಕರು ಗಮನಿಸಬೇಕಾದ ಮಾತು ಇಲ್ಲಿದೆ. ಇಂಥ ತಾಯಿಯ ಹಾಲನ್ನೇ ಕುಡಿಯುವ ಮಗುವಿಗೆ ಬಾಯಿಯ ಸುತ್ತ, ಕುಂಡೆಯ ಬಳಿ ಚರ್ಮ ಕೆಂಪಾಗಿ ಸುಲಿಯುತ್ತದೆ, ಭೇದಿಯೂ ಆಗಬಹುದು. ಆಗ ಮನೆಯ ಹಿರಿಯರು 'ಬಾಣಂತಿ ಪಥ್ಯ ಕೆಡಿಸಿದಳು' ಎಂದು ದೂರುವುದುಂಟು. ಆದರೆ ದೋಷ ಅವಳ ಊಟದಲ್ಲಿಲ್ಲ. ತಾಯಿ ಎಷ್ಟೇ ಸತು ನುಂಗಿದರೂ ಈ ಹಾಲಿನಲ್ಲಿ ಅದು ಸಾಕಷ್ಟು ಏರದು. ವೈದ್ಯರು ಮಗುವಿಗೇ ಸತುವಿನ ಔಷಧ ಕೊಟ್ಟರೆ ಬೇಗ ಗುಣವಾಗುತ್ತದೆ, ಎದೆಹಾಲು ಬಿಡಿಸಬೇಕಾಗಿಲ್ಲ. ಇದು ಅಪರೂಪದ ತೊಂದರೆ. ಕೆಂಪು ಗುಳ್ಳೆಗಳಿಗೆ ಬೇರೆ ಕಾರಣಗಳೇ ಹೆಚ್ಚು. ಆದ್ದರಿಂದ ನೀವೇ ಔಷಧ ಕೊಡದೆ ವೈದ್ಯರಿಗೆ ತೋರಿಸಿ.

ಆರೋಗ್ಯವಂತ ತಾಯಂದಿರಲ್ಲೂ ಹಾಲಿನ ಸತು ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಆರನೆಯ ತಿಂಗಳ ಹೊತ್ತಿಗೆ ಅದು ಲೀಟರಿಗೆ ಸುಮಾರು 1 ಮಿಲಿಗ್ರಾಂ ಮಾತ್ರ. ಇದು ರೋಗವಲ್ಲ, ಸಹಜ ಕ್ರಮ. ಬೆಳೆಯುವ ಮಗುವಿಗೆ ಆಗ ಹಾಲೊಂದೇ ಸಾಲದು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಬೇಳೆ, ರಾಗಿ, ಒಗ್ಗುವವರಿಗೆ ಮೊಟ್ಟೆ ಶುರುಮಾಡಬೇಕು. ಧಾನ್ಯಗಳಲ್ಲಿರುವ ಫೈಟೇಟ್ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ಮಾಡುತ್ತಿದ್ದುದರಲ್ಲಿ ಒಳ್ಳೆಯ ರಸಾಯನಶಾಸ್ತ್ರವೇ ಇದೆ.