ಕಲಾ ವಿಭಾಗವೆಂದರೆ ಕಸದ ಬುಟ್ಟಿಯೇ?

ಎಸೆಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನ ನಮ್ಮ ಮನೆಗಳಲ್ಲಿ ಪಂಚಾಯಿತಿಯೊಂದು ಸೇರುತ್ತದೆ. ಗಲ್ಫ್‌ನಲ್ಲಿರುವ ಮಾಮ ಫೋನಿನಲ್ಲೇ ತೀರ್ಪು ನೀಡುತ್ತಾರೆ, ನೆರೆಮನೆಯವರು ಅನುಮೋದಿಸುತ್ತಾರೆ. ಹೆಚ್ಚು ಅಂಕ ಬಂದರೆ ವಿಜ್ಞಾನ, ತುಸು ಕಡಿಮೆಯಾದರೆ ವಾಣಿಜ್ಯ, ಎಲ್ಲೂ ಸಲ್ಲದವರಿಗೆ ಕಲಾ ವಿಭಾಗ! ಅಲ್ಲಿ ಮಾತನಾಡಲು ಅವಕಾಶವಿಲ್ಲದಿರುವುದು ಓದಬೇಕಾದ ಮಗುವಿಗೆ ಮಾತ್ರ.

ಆಗ ಜನಸಂಖ್ಯೆಯ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4 ಮಾತ್ರ ಇದ್ದಾರೆಂದು ಸಾಚಾರ್ ಸಮಿತಿಯು 2006ರಲ್ಲಿ ವರದಿ ಮಾಡಿತು. ಅಂದಿನಿಂದ ವೇದಿಕೆ ವೇದಿಕೆಗಳಲ್ಲಿ ಈ ಅಂಕಿಗಳನ್ನು ಉದ್ಧರಿಸಿ ಸರಕಾರವನ್ನು ದೂರಿದ್ದೇವೆ. ದೂರಬೇಕಾದದ್ದೇ. ಆದರೆ ಇತಿಹಾಸ, ರಾಜ್ಯಶಾಸ್ತ್ರಗಳಲ್ಲಿ ಆಸಕ್ತಿಯಿದ್ದ ಮಗನನ್ನು ಭೌತಶಾಸ್ತ್ರದ ತರಗತಿಗೆ ಅಟ್ಟಿದ್ದು ಯಾವ ಸರಕಾರ? ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ಯಾವುದೇ ಪದವಿ ಸಾಕು. ನಿಗದಿತ ಅಂಕಗಳಿದ್ದರೆ, ಪಿಯುಸಿಯ ಯಾವ ವಿಭಾಗದವರೂ ಐದು ವರ್ಷಗಳ ಕಾನೂನು ಪದವಿಗೆ ಸೇರಬಹುದು. ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಂದಾಗ ಮಾತ್ರ ನಾವು ಸಮುದಾಯದ ವಕೀಲರನ್ನು ಹುಡುಕುತ್ತೇವೆ!

ಹೆಣ್ಣುಮಕ್ಕಳ ವಿಷಯದಲ್ಲಿ ಅಂಕವೂ ಲೆಕ್ಕಕ್ಕಿಲ್ಲ, ಕಾಲೇಜಿನ ದೂರವೇ ಎಲ್ಲವನ್ನೂ ನಿರ್ಧರಿಸುತ್ತದೆ. ವೈದ್ಯೆಯಾಗಬೇಕೆಂದಿರುವ ಹುಡುಗಿಗೆ ‘ಹತ್ತಿರದ ಕಾಲೇಜಿನಲ್ಲಿ ವಾಣಿಜ್ಯವಿದೆಯಲ್ಲ’ ಎನ್ನುತ್ತೇವೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಬಿಟ್ಟವಳ ಪಾಲಿಗೆ ಆ ದಾರಿ ಬಹುತೇಕ ಅಲ್ಲಿಗೇ ಮುಚ್ಚುತ್ತದೆ. ಬಸ್ಸಿನ ಪ್ರಯಾಣಕ್ಕೆ ಹೆದರಿ ನಾವು ಕೈಬಿಡುವುದು ಅವಳ ಇಡೀ ಬದುಕನ್ನು.

ಈ ಬಾರಿ ಅರ್ಜಿ ತುಂಬುವ ಮುನ್ನ ಹೆತ್ತವರು ಮಗುವನ್ನು ಎದುರು ಕೂರಿಸಿಕೊಂಡು ಕೇಳಲಿ, ಅದಕ್ಕೆ ಪಾಠ ಹೇಳಿದ ಶಿಕ್ಷಕರನ್ನು ಕಂಡು ಬರಲಿ. ಗಲ್ಫ್‌ನ ಮಾಮನಿಗೆ ಆಮೇಲೆ ತಿಳಿಸಿದರಾಯಿತು.