ಗುಳಿಗೆಯೋ ಶಸ್ತ್ರವೋ?

ಗರ್ಭಪಾತದ ಪ್ರಸ್ತಾಪ ಬಂದಲ್ಲೆಲ್ಲ ಗುಳಿಗೆ ಮೇಲೋ ಶಸ್ತ್ರಕ್ರಿಯೆ ಮೇಲೋ ಎಂಬ ವಾದ ವಿದ್ಯಾವಂತರ ಮನೆಗಳಲ್ಲಿಯೂ ನಡೆಯುವುದುಂಟು. ಗುಳಿಗೆ ಬಂದ ಮೇಲೆ ಬಡ ದೇಶಗಳಿಗೆ ಶಸ್ತ್ರವೇ ಬೇಡವೆಂದು ಒಂದು ಪಕ್ಷ. ಗುಳಿಗೆ ವಿಷಸಮಾನ, ಅದನ್ನು ನಿಷೇಧಿಸತಕ್ಕದ್ದೆಂದು ಇನ್ನೊಂದು ಪಕ್ಷ. ಈ ಉಭಯ ಪಂಡಿತರೂ ಕ್ಯಾತಗಾನಚೆರ್ಲುವಿನಂಥ ಊರನ್ನು ನೆನೆದು ಮಾತಾಡಿದಂತೆ ತೋರುವುದಿಲ್ಲ. ಪಾವಗಡ ತಾಲ್ಲೂಕಿನ ಬಹುಪಾಲು ಗಡಿ ಆಂಧ್ರದ್ದು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. ಹಳ್ಳಿಯಿಂದ ಪಾವಗಡಕ್ಕೆ ಬರುವ ದಾರಿ ಬೇರೆ.

ಗುಳಿಗೆ ವಿಷವಲ್ಲ. ವೈದ್ಯರು ದಿನ ಲೆಕ್ಕಹಾಕಿ ಕೊಟ್ಟಲ್ಲಿ, 9 ವಾರದೊಳಗೆ, ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಗೆ ಅದು ಸಾಕಾಗುತ್ತದೆ. ಅರಿವಳಿಕೆ ಬೇಡ, ಉಪಕರಣ ಬೇಡ. ಆದರೆ ರಕ್ತಸ್ರಾವ ಹಲವು ದಿನ ಇರುತ್ತದೆ. ಹೀರಿ ತೆಗೆಯುವ ಕ್ರಿಯೆಯಾದರೋ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ; ವಿಫಲವಾಗುವುದು ಅತಿ ವಿರಳ. ಹಳೆಯ ಕೆರೆಯುವ ಪದ್ಧತಿಯನ್ನು ಮಾತ್ರ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೈಯಿಂದ ನಡೆಸುವ ಸಿರಿಂಜಿನಂಥ ಉಪಕರಣಕ್ಕೆ ವಿದ್ಯುತ್ತೂ ಬೇಡ.

ಹಾಗಾದರೆ ಕೇಡೆಲ್ಲಿ? ಗುಳಿಗೆ ಸಾಲದೆ ಹೋದ ಆ ಕೆಲವರಲ್ಲಿ! ಅವರಿಗೆ ಉಳಿದದ್ದನ್ನು ಹೀರಿ ತೆಗೆಯಬಲ್ಲ ಕೈಯೇ ಬೇಕು. ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತ ಗರ್ಭಕ್ಕಂತೂ ಗುಳಿಗೆ ನಾಟುವುದೇ ಇಲ್ಲ. ಅದು ಒಡೆದರೆ ಪ್ರಾಣಕ್ಕೇ ಸಂಚಕಾರ. 2015ರ ಸ್ಥಿತಿಯನ್ನು ಆರು ರಾಜ್ಯಗಳಲ್ಲಿ ಪರಿಶೀಲಿಸಿ ಭಾರತಕ್ಕೆಲ್ಲ ಅಂದಾಜು ಕಟ್ಟಿದವರು ವರ್ಷಕ್ಕೆ 1 ಕೋಟಿ 56 ಲಕ್ಷ ಗರ್ಭಪಾತಗಳೆಂದೂ, ಅವುಗಳಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ ಗುಳಿಗೆಯಿಂದಾದವೆಂದೂ ಹೇಳಿದರು. ಕರ್ಣಾಟಕ ಆ ಆರರಲ್ಲಿಲ್ಲ. ನೆರೆಯ ತಮಿಳುನಾಡು ಉಂಟು. ಇಷ್ಟು ಮಂದಿ ಅಂಗಡಿಯ ಕಟ್ಟೆಗೆ ಹೋದದ್ದು ಗುಳಿಗೆಯ ಮೇಲಣ ಮೋಹದಿಂದಲೇ ಎಂದು ನಂಬುವುದು ಕಷ್ಟ. ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಗಳನ್ನು ಅಂಗಡಿಯವನು ಕೇಳುವುದಿಲ್ಲ.

ಅವುಗಳಲ್ಲಿ ಒಂದು, ಗಂಡನ ಸಹಿ ಎಲ್ಲಿ ಎಂಬುದು. 1971ರ ಶಾಸನ ಅದನ್ನು ಎಲ್ಲಿಯೂ ಬೇಡಿಲ್ಲ. 18 ತುಂಬಿದ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. 2021ರ ತಿದ್ದುಪಡಿ ಆಕೆಯ ಹೆಸರನ್ನು ಬಯಲುಮಾಡಿದ ವೈದ್ಯನಿಗೆ ಶಿಕ್ಷೆಯನ್ನೂ ವಿಧಿಸಿದೆ. ಸರ್ಕಾರಿ ಆಸ್ಪತ್ರೆಗೆ ಈ ಕೆಲಸಕ್ಕಾಗಿ ಬೇರೆ ಪರವಾನಗಿಯೂ ಬೇಡ. ಇಷ್ಟಾದರೂ ಸಹಿ ಕೇಳುವವರಿದ್ದರೆ ಅವರು ಶಾಸನವನ್ನೋದದವರು, ಇಲ್ಲವೆ ಓದಿಯೂ ಮುಚ್ಚಿಟ್ಟವರು.

ಶಸ್ತ್ರವೆಂದರೆ ಪರದೇಶದ್ದು, ಔಷಧವೇ ನಮ್ಮದು ಎನ್ನುವ ಮಹನೀಯರು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಢಗರ್ಭದ ಅಧ್ಯಾಯವನ್ನು ತೆರೆದು ನೋಡಲಿ. ಒಳಗೇ ಸತ್ತ ಶಿಶುವನ್ನು ಶಸ್ತ್ರದಿಂದ ತೆಗೆದು ತಾಯಿಯನ್ನುಳಿಸುವ ವಿಧಿ ಅಲ್ಲಿದೆ. ಔಷಧ ಶಸ್ತ್ರಗಳನ್ನು ಸವತಿಯರಂತೆ ಜಗಳಕ್ಕೆ ಹಚ್ಚಿದವರು ಈಚಿನವರು.

ಗುಳಿಗೆಯೊಂದರಿಂದಲೇ ಸಾಕೆನ್ನುವ ಪಕ್ಷ ಆಳುವವರಿಗೆ ಬಲು ಪ್ರಿಯ; ವೈದ್ಯೆಯನ್ನು ನೇಮಿಸುವ ಖರ್ಚು ತಪ್ಪುತ್ತದೆ. ಗುಳಿಗೆಯನ್ನೇ ಅಳಿಸಿಬಿಡಿ ಎನ್ನುವ ಪಕ್ಷದವರು, ರಾತ್ರಿ ಬಸ್ಸಿಲ್ಲದ ಹಳ್ಳಿಯ ಹೆಂಗಸನ್ನು ಮತ್ತೆ ಕಡ್ಡಿ ಬೇರುಗಳ ಕೈಗೆ ಒಪ್ಪಿಸುತ್ತಾರೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಎರಡೂ ಇರಲಿ, ಎರಡನ್ನೂ ಬಲ್ಲವರಿರಲಿ. ಯಾವುದೆಂಬುದನ್ನು ಆಕೆ ವೈದ್ಯರೊಡನೆ ಕೂತು ನಿಶ್ಚಯಿಸಲಿ. ಅದು ಅಲ್ಲಿ ವಾರಕ್ಕೆ ಎಷ್ಟು ದಿನ ದೊರೆಯುತ್ತದೆಂದು ವಾಚಕರು ಮುಂದಿನ ಸಲ ಮತ ಕೇಳಬಂದವರನ್ನು ವಿಚಾರಿಸಬಹುದು.