ಹೆಸರು ಕೊಟ್ಟರೆ ಸಾಕು, ಕವಿತೆ ತೋರಿಸಬೇಕಿಲ್ಲ

ಕವಿಗೋಷ್ಠಿಗೂ ಓಪನ್ ಮೈಕ್‌ಗೂ ಇರುವ ವ್ಯತ್ಯಾಸ ಆಹ್ವಾನ ಪತ್ರಿಕೆಯಲ್ಲೇ ತಿಳಿಯುತ್ತದೆ. ಗೋಷ್ಠಿಯ ಪತ್ರಿಕೆಯಲ್ಲಿ ಉದ್ಘಾಟನೆ, ಅಧ್ಯಕ್ಷತೆ, ಆಶಯ ನುಡಿ, ಘನ ಉಪಸ್ಥಿತಿ ಎಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಇಪ್ಪತ್ತು ಮೂವತ್ತು ಕವಿಗಳ ಹೆಸರು. ಓಪನ್ ಮೈಕ್‌ನಲ್ಲಿ ಕವಿಯ ಹೆಸರೇ ಇರುವುದಿಲ್ಲ. ಬಾಗಿಲಲ್ಲಿ ಹೆಸರು ಬರೆಸಿದವರು ಸರದಿ ಬಂದಾಗ ಎದ್ದು ಓದುತ್ತಾರೆ; ಐದು ನಿಮಿಷ, ಮುಗಿಯಿತು. ಶಾಲಿಲ್ಲ, ನೆನಪಿನ ಕಾಣಿಕೆಯಿಲ್ಲ. ನಮ್ಮ ಗೋಷ್ಠಿಗಳ ಹಳೆಯ ಕಾಯಿಲೆ ಗೊತ್ತಿರುವುದೇ: ಓದಿ ಮುಗಿಸಿದವರು ಊಟದ ಕಡೆ ಹೊರಡುತ್ತಾರೆ, ಕೊನೆಯ ಕವಿಗೆ ಅಧ್ಯಕ್ಷರೂ ಶಾಮಿಯಾನದವರೂ ಉಳಿಯುತ್ತಾರೆ.

ಬೆಂಗಳೂರಿನಲ್ಲಿ ಓಪನ್ ಮೈಕ್ ಬೆಳೆದದ್ದು ಕೆಫೆಗಳಲ್ಲಿ, ಅಟ್ಟ ಗಲಾಟದಂಥ ಪುಸ್ತಕದಂಗಡಿಗಳಲ್ಲಿ. ಅವರು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಕೆಫೆಯ ಬಾಗಿಲು ಎಲ್ಲರಿಗೂ ತೆರೆದಂತೆ ಕಂಡರೂ ಎಲ್ಲರೂ ಒಳಗೆ ಹೋಗುವುದಿಲ್ಲ. ಟಿಕೆಟ್ಟು ಇಲ್ಲದಿದ್ದರೆ ಕಾಫಿಯ ಬಿಲ್ಲು ಇರುತ್ತದೆ; ಎರಡೂ ಇಲ್ಲದಿದ್ದರೆ ಅಲ್ಲಿನ ಇಂಗ್ಲಿಷ್ ಇರುತ್ತದೆ. ಗಾರ್ಮೆಂಟ್ಸ್ ಕೆಲಸ ಮುಗಿಸಿದ ಹೆಣ್ಣುಮಗಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದದ್ದನ್ನು ಓದಲು ಅಲ್ಲಿಗೆ ಹೋದಾಳೆಂದು ನನಗಂತೂ ಅನ್ನಿಸುವುದಿಲ್ಲ.

ಅವಳಿಗಾಗಿ ಹೊಸ ಕಟ್ಟಡ ಕಟ್ಟಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿಯ ಮೇಲೆ 6 ರೂಪಾಯಿ ಗ್ರಂಥಾಲಯ ಕರವಾಗಿ ಸೇರುತ್ತದೆ. ಬಾಡಿಗೆದಾರನೂ ಬಾಡಿಗೆಯ ಹೆಸರಲ್ಲಿ ಅದನ್ನು ಕಟ್ಟುತ್ತಲೇ ಇದ್ದಾನೆ. ಹಳ್ಳಿಗಳಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ತೆಕ್ಕೆಗೆ ಬಂದು ಈಗ 'ಅರಿವು ಕೇಂದ್ರ' ಎನ್ನಿಸಿಕೊಂಡಿವೆ. ಕವಿತೆಗೆ ಸೂರು ಇದೆ. ಬಾಡಿಗೆಯನ್ನೂ ಆಗಲೇ ಕೊಟ್ಟಾಗಿದೆ.

ಗ್ರಂಥಾಲಯವೆಂದರೆ ಮೌನ ಅಲ್ಲವೇ ಎಂಬ ಆಕ್ಷೇಪ ಬರುತ್ತದೆ. ಗೋಡೆಯ ಮೇಲಿನ ಆ 'ನಿಶ್ಶಬ್ದ' ಫಲಕ ನಮ್ಮಲ್ಲಿ ಈಚಿನದು. ಕುಮಾರವ್ಯಾಸನನ್ನು ಕನ್ನಡಿಗರಲ್ಲಿ ಹೆಚ್ಚಿನವರು ಕಣ್ಣಿನಿಂದ ಓದಿದವರಲ್ಲ. ಊರಿನ ಗುಡಿಯಲ್ಲೋ ಜಗಲಿಯಲ್ಲೋ ಒಬ್ಬರು ವಾಚನ ಮಾಡಿದರೆ ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು, ಅಕ್ಷರ ಬಾರದ ಮುದುಕಿ ತಲೆದೂಗುತ್ತಿದ್ದಳು. ಕಲಬುರಗಿ, ಬೀದರ್ ಕಡೆಯ ಮುಷಾಯಿರಾಗಳಲ್ಲಿ ಕೇಳುಗ ಸುಮ್ಮನೆ ಕೂರುವ ಪದ್ಧತಿಯೇ ಇಲ್ಲ. ಸಾಲು ಹಿಡಿಸಿದರೆ 'ವಾಹ್' ಅನ್ನುತ್ತಾನೆ, ಇನ್ನೊಮ್ಮೆ ಹೇಳಿಸುತ್ತಾನೆ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದ ಮೇಲೆ ಸಿದ್ಧಲಿಂಗಯ್ಯನವರ ಕವಿತೆ ಹೋರಾಟದ ಮೆರವಣಿಗೆಗಳಲ್ಲಿ ಹಾಡಾಗಿ ಓಡಾಡಿತು, ಪುಸ್ತಕ ಕೊಳ್ಳಲಾರದವರಿಗೂ ಬಾಯಿಪಾಠವಾಯಿತು.

ಹಾಗೆಂದು ಆಕ್ಷೇಪ ಪೂರ್ತಿ ಪೊಳ್ಳಲ್ಲ. ಸಂಜೆ ಯಾವುದಾದರೂ ಶಾಖಾ ಗ್ರಂಥಾಲಯಕ್ಕೆ ಹೋಗಿ ನೋಡಿ. ಮುಂದಿನ ಕೋಣೆಯಲ್ಲಿ ಪತ್ರಿಕೆಗೆ ಕಾದು ಕೂತ ನಿವೃತ್ತರು, ಒಳಗೆ ತಮ್ಮದೇ ಗೈಡುಗಳನ್ನು ತಂದು ಪೊಲೀಸ್ ಪೇದೆ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು. ಮನೆಯಲ್ಲಿ ಓದಲು ಜಾಗವಿಲ್ಲದೆ ಬಂದವರು ಅವರು. ಅವರ ಪಕ್ಕ ಮೈಕ್ ಹಾಕುವುದು ಅನ್ಯಾಯ. ಆದ್ದರಿಂದ ತಿಂಗಳಿಗೆ ಒಂದೇ ಭಾನುವಾರ, ಒಂದೇ ತಾಸು. ಜಾಗ ಅಂಗಳದಲ್ಲೋ ತಾರಸಿಯಲ್ಲೋ ಇರಲಿ. ಮೂವತ್ತು ಜನಕ್ಕೆ ಮೈಕಾದರೂ ಯಾಕೆ? ಬಾಯಿ ಸಾಕು. ಮೊಬೈಲುಗಳು ಜೇಬಿನಲ್ಲಿರಲಿ: ರೀಲ್ಸ್ ಆಗುತ್ತದೆಂಬ ಭಯವಿದ್ದಲ್ಲಿ ಯಾವ ಹೆಂಗಸೂ ಗಂಡನ ಮನೆಯ ಮೇಲೆ ಬರೆದ ಕವಿತೆಯನ್ನು ಗಟ್ಟಿಯಾಗಿ ಓದಲಾರಳು. ಬೀಗ ಹಾಕಲು ತಡವಾಗಿ ಹೋಗುವ ಸಿಬ್ಬಂದಿಗೆ ಆ ತಾಸಿನ ಸಂಬಳವೂ ಆ 6 ರೂಪಾಯಿಯಿಂದಲೇ ಬರಬೇಕು.

ನಿಜವಾದ ಕಗ್ಗಂಟು ಬೇರೆ. ಸರ್ಕಾರಿ ಕಟ್ಟಡದಲ್ಲಿ ಯಾರೋ ಏನೋ ಓದಿ ಗಲಾಟೆಯಾದರೆ ಯಾರು ಹೊಣೆ ಎಂದು ಗ್ರಂಥಪಾಲಕರು ಕೇಳುತ್ತಾರೆ. ಅದು ಸುಳ್ಳು ಭಯವಲ್ಲ. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಪೌರತ್ವ ಕಾಯ್ದೆಯ ವಿಚಾರವಾಗಿ ಓದಿದ ಕವಿತೆಯ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಅಂಥದ್ದನ್ನು ಕಂಡ ಅಧಿಕಾರಿ ಸಹಜವಾಗಿ ಹುಡುಕುವ ದಾರಿ ಒಂದೇ: ಕವಿತೆಯ ಪ್ರತಿಯನ್ನು ಮೊದಲೇ ಕೊಡಿ, ನೋಡಿ ಹೇಳುತ್ತೇವೆ. ಹಾಗೆ ಹೇಳಿದ ಗಳಿಗೆಯಲ್ಲೇ ಓಪನ್ ಮೈಕ್ ಮತ್ತೆ ಕವಿಗೋಷ್ಠಿಯಾಯಿತು. ಆಹ್ವಾನ ಸಮಿತಿಯ ಬದಲು ಒಂದು ಕಡತ ಬಂದಿತು, ಅಷ್ಟೆ.

ಕಪಾಟಿನಲ್ಲಿರುವ ಪ್ರತಿ ಪುಸ್ತಕದ ಮಾತನ್ನೂ ಒಪ್ಪಿಕೊಂಡೇ ಗ್ರಂಥಪಾಲಕರು ಅದನ್ನು ಎರವಲು ಕೊಡುವುದಿಲ್ಲ. ಪುಸ್ತಕ ಕೊಟ್ಟಿದ್ದಕ್ಕೆ ಅವರನ್ನು ಯಾರೂ ಹೊಣೆ ಮಾಡುವುದೂ ಇಲ್ಲ. ಓದುವ ಕವಿಗೂ ಅದೇ ಸೂತ್ರ ಅನ್ವಯಿಸುತ್ತದೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಮಾತಿಗೆ ಆಡಿದವರು ಹೊಣೆ, ಕೋಣೆಗೆ ಗ್ರಂಥಾಲಯ ಹೊಣೆ. ಬಾಗಿಲ ಬಳಿ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಹಾಜರಿ ಪುಸ್ತಕ ಹೇಗೂ ಇರುತ್ತದೆ. ಹೆಸರು, ಸಮಯ, ಸಹಿ. ಪತ್ರಿಕೆ ಓದಲು ಬಂದವರನ್ನೂ ಅದು ಕೇಳುವುದು ಇಷ್ಟನ್ನೇ.